ಯಾರೂ ಕೇಳದ ಆಯ್ಕೆ

ಅಮೆರಿಕದ ಸುಪೀರಿಯರ್ ಸರೋವರದ ಉತ್ತರ ದಂಡೆಯ ಆ ಕೌಂಟಿಗೆ ಆಂಬ್ಯುಲೆನ್ಸ್ ನಿಲ್ದಾಣಗಳು ಮೂರು, ಪ್ರೋಗ್ರಾಮರ್ ಒಬ್ಬಳೇ: ಲೋರ್ನಾ ಸಾಲ್ಮೆಲಾ. ಕರೆ ಬಂದ ಮನೆಗೆ ಯಾವ ಗಾಡಿ ಬೇಗ ಮುಟ್ಟೀತು ಎಂದು ಲೆಕ್ಕ ಹಾಕುವ ತಂತ್ರಾಂಶವನ್ನು ಹತ್ತೊಂಬತ್ತು ವರ್ಷದ ಹಿಂದೆ ಬರೆದವಳು ಅವಳು. ಆಗ ಅದು ಒಂದೇ ಪರದೆಯದು. ಆಮೇಲೆ ಒಬ್ಬೊಬ್ಬರು ಒಂದೊಂದು ಸೌಕರ್ಯ ಕೇಳಿದರು. ಇಲ್ಲ ಎನ್ನಲು ಲೋರ್ನಾಗೆ ಬಾಯಿ ಬರುತ್ತಿರಲಿಲ್ಲ. ಹೀಗೋ ಹಾಗೋ ಎಂದು ತಾನು ತೀರ್ಮಾನಿಸಬೇಕಾದಲ್ಲೆಲ್ಲ ಒಂದು ಆಯ್ಕೆ ಇಟ್ಟು, ತೀರ್ಮಾನವನ್ನು ಬಳಸುವವರಿಗೆ ಬಿಟ್ಟಳು. ಕೆಲವನ್ನು ಯಾರೂ ಕೇಳುವ ಮೊದಲೇ ಇಟ್ಟಳು, ಮುಂದೆ ಬೇಕಾದೀತು ಎಂದು. ಈಗ ಆಯ್ಕೆಗಳು ಇನ್ನೂರ ಹದಿನಾಲ್ಕು.

ಮುಚ್ಚಿದೆ ಎಂದು ತಂತ್ರಾಂಶದಲ್ಲಿ ಗುರುತಿಸಿದ ರಸ್ತೆ ಮರುದಿನ ತಾನಾಗಿ ತೆರೆಯಬೇಕೋ, ಕೈಯಾರೆ ತೆರೆಯುವವರೆಗೆ ಮುಚ್ಚಿಯೇ ಇರಬೇಕೋ ಎಂಬುದು ಅಂಥ ಒಂದು, ಯಾರೂ ಕೇಳದ ಆಯ್ಕೆ. ನವೆಂಬರಿನಲ್ಲಿ ನದಿಯ ಸೇತುವೆಯನ್ನು ದುರಸ್ತಿಗೆಂದು ಒಂದು ದಿನ ಮುಚ್ಚಿದಾಗ, ಕರೆ ಸ್ವೀಕರಿಸುವ ಡ್ವೇನ್ ಬಿಸೊನೆಟ್ ಎರಡನೆಯದನ್ನು ಒತ್ತಿದ. ಸೇತುವೆ ಮರುದಿನ ತೆರೆಯಿತು. ತಂತ್ರಾಂಶಕ್ಕೆ ಅದು ಗೊತ್ತಾಗಲಿಲ್ಲ. ಮೂರು ವಾರದ ಮೇಲೆ, ನಿವೃತ್ತ ಶಾಲಾ ಬಸ್ ಚಾಲಕ ಆರ್ವಿಡ್ ಲುಂಡ್‌ಗೆ ಪಾರ್ಶ್ವವಾಯು ಬಡಿಯಿತು. ಸೇತುವೆ ದಾಟಿ ಎಂಟು ನಿಮಿಷದಲ್ಲಿ ಬರಬಹುದಾಗಿದ್ದ ಗಾಡಿಯನ್ನು ಬಿಟ್ಟು, ತಂತ್ರಾಂಶ ದೂರದ ನಿಲ್ದಾಣದ ಗಾಡಿಯನ್ನು ಹೊರಡಿಸಿತು. ಅದು ಮುಟ್ಟಿದ್ದು ಮೂವತ್ತೊಂದು ನಿಮಿಷಕ್ಕೆ. ಆರ್ವಿಡ್ ಬದುಕಿದ. ಮಾತು ಹೋಯಿತು. ಲೋರ್ನಾಳ ಮಗಳನ್ನು ಹನ್ನೆರಡು ಚಳಿಗಾಲ ಶಾಲೆಗೆ ಮುಟ್ಟಿಸಿದವನು ಅವನು.

ಇಂಥದ್ದರ ವಿಚಾರಣೆಯಲ್ಲಿ ಯಾರ ಹೆಸರನ್ನೂ ಎತ್ತದಿರುವುದು ಅಲ್ಲಿಯ ಪದ್ಧತಿ. ವರದಿಯ ಕರಡಿನಲ್ಲಿ "ಸೆಟ್ಟಿಂಗ್ ತಪ್ಪಾಗಿ ಇಡಲಾಗಿತ್ತು" ಎಂದಷ್ಟೇ ಇತ್ತು. ಆದರೆ ಆ ದಿನ ಪಾಳಿಯಲ್ಲಿ ಯಾರಿದ್ದರೆಂದು ಊರಿಗೇ ಗೊತ್ತು. ಆ ವಾಕ್ಯ ಹಾಗೆಯೇ ಉಳಿದರೆ ಡ್ವೇನ್ ಅದನ್ನು ಬದುಕಿಡೀ ಹೊರಬೇಕು.

"ಒಂದು ಎಚ್ಚರಿಕೆ ಪರದೆ ಸೇರಿಸಿದ್ರೆ ಸಾಕಲ್ವಾ?" ವಿಚಾರಣೆಯ ಸಭೆಯಲ್ಲಿ ಆಂಬ್ಯುಲೆನ್ಸ್ ಸೇವೆಯ ಮುಖ್ಯಸ್ಥೆ ಪೆಗ್ ಕೇಳಿದಳು. "ಬೇಕಾದೋರು ಇಟ್ಕೊಳ್ಳಲಿ, ಬೇಡದೋರು ಬಿಡಲಿ. ಒಂದಿನದ ಕೆಲಸ."

"ಅದು ಇನ್ನೂರ ಹದಿನೈದನೇದಾಗುತ್ತೆ, ಪೆಗ್," ಎಂದಳು ಲೋರ್ನಾ. "ನಾನು ಈ ಆಯ್ಕೆನೇ ತೆಗೀತೀನಿ. ಬೆಳಿಗ್ಗೆ ಆರಕ್ಕೆ ಪಾಳಿ ಬದಲಾದಾಗ ಎಲ್ಲಾ ರಸ್ತೆನೂ ತೆರೀತವೆ. ನಿಜವಾಗಿ ಮುಚ್ಚಿರೋದನ್ನ ಹೊಸದಾಗಿ ಬಂದೋರು ಮತ್ತೆ ಮುಚ್ಚಬೇಕು."

ಡ್ವೇನ್ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. "ಚಳಿಗಾಲದಲ್ಲಿ ಹನ್ನೊಂದು ಕಾಡುರಸ್ತೆ ಮುಚ್ಚಿರ್ತವೆ ಮಾರಾಯ್ತಿ. ದಿನಾ ಹನ್ನೊಂದೂ ಒತ್ತಬೇಕಾ? ನನ್ನೇನು ಕಾಳು ಕುಕ್ಕೋ ಕೋಳಿ ಅನ್ಕೊಂಡ್ಯಾ?"

"ಹೌದು, ಒತ್ತಬೇಕು."

"ಒಂದು ಮರೆತ್ರೆ? ಗಾಡಿ ಹೋಗಿ ಹಿಮದ ಮುಂದೆ ನಿಲ್ಲುತ್ತೆ."

ಲೋರ್ನಾ ಇದನ್ನು ಎರಡು ವಾರ ತೂಗಿ ನೋಡಿದ್ದಳು. "ನಿಲ್ಲುತ್ತೆ. ಆದ್ರೆ ಚಾಲಕನಿಗೆ ಹಿಮ ಕಾಣುತ್ತೆ. ರೇಡಿಯೋದಲ್ಲಿ ನಿನ್ನನ್ನ ಬೈತಾನೆ, ನೀನು ಬೇರೆ ಗಾಡಿ ಕಳಿಸ್ತೀಯ. ತೆರೆದಿರೋ ಸೇತುವೆ ಮುಚ್ಚಿದೆ ಅಂತ ತಂತ್ರಾಂಶ ಕೂತಿದ್ರೆ ಅದು ಯಾರಿಗೂ ಕಾಣಲ್ಲ. ಮೂರು ವಾರ ಕಾಣಲಿಲ್ಲ."

ಲೋರ್ನಾ ಕರಡನ್ನು ಎಳೆದುಕೊಂಡು ಆ ವಾಕ್ಯ ಹೊಡೆದುಹಾಕಿ ಬರೆದಳು: "ಈ ಆಯ್ಕೆ ಇರಬಾರದಿತ್ತು. ಇದನ್ನು ಯಾರೂ ಕೇಳಿರಲಿಲ್ಲ. ಇಟ್ಟವಳು ಲೋರ್ನಾ ಸಾಲ್ಮೆಲಾ."

"ಹೆಸರು ಹಾಕೋ ಹಾಗಿಲ್ಲ," ಎಂದಳು ಪೆಗ್.

"ಬೇರೆಯವರದ್ದು ತಾನೇ? ಇದು ನಂದು."

ಪೆಗ್ ಬಹಳ ಹೊತ್ತು ಓದಿದಳು. ಆಮೇಲೆ ಸಹಿ ಹಾಕಿದಳು.

"ಒತ್ತಿದ್ದು ನಾನೇ ಕಣೇ," ಹೊರಗೆ ಕೋಟು ಹಾಕಿಕೊಳ್ಳುತ್ತ ಡ್ವೇನ್ ಮೆಲ್ಲಗೆ ಅಂದ.

"ಹೌದು, ನೀನೇ. ಒತ್ತೋಕೆ ಅದು ಅಲ್ಲಿತ್ತಲ್ಲ."

ವಸಂತದ ಹೊತ್ತಿಗೆ ಲೋರ್ನಾ ನೂರ ಅರವತ್ತು ಆಯ್ಕೆಗಳನ್ನು ಅಳಿಸಿದ್ದಳು. ಪ್ರತಿಯೊಂದಕ್ಕೂ ಮೊದಲು, ಬಳಸುವವರಿದ್ದಾರೆಯೇ ಎಂದು ಮೂರೂ ನಿಲ್ದಾಣಗಳಿಗೆ ಫೋನ್ ಮಾಡಿ ಕೇಳಿದಳು, ಬೈಸಿಕೊಂಡಳು ಕೂಡ. ಭಾನುವಾರಗಳಲ್ಲಿ ಏಲಕ್ಕಿ ಬ್ರೆಡ್ ಬೇಯಿಸಿ ಆರ್ವಿಡ್‌ನ ಮನೆಗೆ ಒಯ್ಯುತ್ತಾಳೆ. ಅವನು ಎಡಗೈಯಿಂದ ತಿನ್ನುತ್ತಾನೆ. ಅವಳು ಎಲ್ಲವನ್ನೂ ಅವನಿಗೆ ಹೇಳಿದ್ದಾಳೆ. ಅವನು ಏನೆಂದುಕೊಂಡನೋ, ತಿಳಿಯುವ ದಾರಿಯಿಲ್ಲ.

ಚಳಿಗಾಲದ ಪಾಳಿಗಳಲ್ಲಿ ಡ್ವೇನ್ ಬೆಳಿಗ್ಗೆ ಆರಕ್ಕೆ ಹನ್ನೊಂದು ರಸ್ತೆಗಳ ಹೆಸರನ್ನು ಗಟ್ಟಿಯಾಗಿ ಓದುತ್ತ ಒಂದೊಂದನ್ನೇ ಮುಚ್ಚುತ್ತಾನೆ. ಸೇತುವೆ ಆ ಹನ್ನೊಂದರಲ್ಲಿಲ್ಲ. ಆದರೂ ಕೊನೆಯಲ್ಲಿ ಅದರ ಹೆಸರು ಹೇಳಿ, "ತೆರೆದಿದೆ" ಅನ್ನುತ್ತಾನೆ.