ಹಳ್ಳ ಒಯ್ದ ಏಡಿ ಬುಟ್ಟಿ

ಜತ್ತದ ಸಂಸ್ಥಾನ ಮುಂಬೈ ಸರ್ಕಾರಕ್ಕೆ ಸೇರಿದ ಹೊಸದರಲ್ಲಿ ನನ್ನ ಮದುವೆಯಾಯಿತು. ನನ್ನ ತವರು ಕೃಷ್ಣಾ ಹೊಳೆಯ ದಂಡೆ. ನಮ್ಮದು ಮೀನು, ಏಡಿ ಹಿಡಿದು ಬದುಕುವ ಮನೆತನ. ಗಂಡನ ಮನೆಯವರೂ ನಮ್ಮ ಕುಲದವರೇ. ಆದರೆ ಅವರ ಹಿರಿಯರು ಯಾವ ಕಾಲದಲ್ಲೋ ಹೊಳೆ ಬಿಟ್ಟು ಬೆಳುಂಕಿಯ ಕಡೆ ಬಂದು ನೆಲೆಸಿದ್ದರು. ಜೋಳ, ಸಜ್ಜೆ ಬೆಳೆದುಕೊಂಡು, ತಾವು ನೀರಿನ ಜನ ಎಂಬುದನ್ನೇ ಮರೆತಿದ್ದರು. ನನ್ನ ಗಂಡನಿಗೆ ಈಜಲಿಕ್ಕೆ ಬರುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಈ ಸಂಗತಿ ತಿಳಿದು ನನಗೆ ನಗು ತಡೆಯಲಾಗಲಿಲ್ಲ. ಅವರಿಗೆ ಸಿಟ್ಟು ಬಂತು.

ಗಂಡನ ಮನೆಗೆ ಹೊರಟಾಗ ಅವ್ವ ಒಂದು ಕೌದಿ, ಒಂದು ತಾಮ್ರದ ಕೊಡ ಕೊಟ್ಟಳು. ಅಪ್ಪ ತಾನೇ ಹೆಣೆದ ಏಡಿ ಬುಟ್ಟಿಯೊಂದನ್ನು ತಂದು ಗಾಡಿಯಲ್ಲಿಟ್ಟ. "ಅಲ್ಲೂ ಒಂದು ಹಳ್ಳ ಅದ ಅಂತ. ನೀರಿದ್ದಲ್ಲಿ ಏಡಿ ಇದ್ದೇ ಇರ್ತದ. ಬರೇ ರೊಟ್ಟಿ ತಿಂದು ಸೊರಗಬ್ಯಾಡ," ಎಂದ. ಅಪ್ಪ ಮಾತು ಕಡಿಮೆಯ ಮನುಷ್ಯ. ನನ್ನ ಮದುವೆಯಲ್ಲಿ ಅವನು ಆಡಿದ ಅತಿ ದೊಡ್ಡ ಮಾತು ಅದೇ.

ಲಕ್ಕಿ ಗಿಡದ ಬರಲಿನಿಂದ, ಸಪೂರ ಕಡ್ಡಿಗಳಿಂದ ಹೆಣೆದ ಬುಟ್ಟಿ ಅದು. ಹೊಟ್ಟೆ ದುಂಡಗೆ, ಬಾಯಿ ಸಣ್ಣದು. ಬಾಯಿಯ ಸುತ್ತಲಿನ ಕಡ್ಡಿಗಳೆಲ್ಲ ಒಳಮುಖವಾಗಿ ಬಾಗಿರುತ್ತವೆ. ಏಡಿ ಸಲೀಸಾಗಿ ಒಳಗೆ ಹೋಗುತ್ತದೆ, ಹೊರಗೆ ಬರಲು ನೋಡಿದರೆ ಕಡ್ಡಿಗಳು ಚುಚ್ಚುತ್ತವೆ. ಅಪ್ಪ ಎಡಚನಾಗಿದ್ದ. ಬೇರೆಯವರ ಬುಟ್ಟಿಯ ಹೆಣಿಗೆ ಬಲಕ್ಕೆ ತಿರುಗಿದರೆ ಅವನದು ಎಡಕ್ಕೆ ತಿರುಗುತ್ತಿತ್ತು. ಹೊಳೆಯ ಆಚೆ ದಂಡೆಯಲ್ಲಿಟ್ಟರೂ ಅದು ಅವನ ಬುಟ್ಟಿ ಎಂದು ನಾನು ಹೇಳಬಲ್ಲವಳಾಗಿದ್ದೆ.

ನಾನು ಗಾಡಿ ಇಳಿದ ಕೂಡಲೇ ಅತ್ತೆ ಬುಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ಇದೇನಬೇ, ಕೋಳಿ ಮುಚ್ಚೂ ಬುಟ್ಟಿಯೇನ? ಬಾಯಿ ಇಷ್ಟು ಸಣ್ಣದಾದ್ರ ಕೋಳಿ ಹ್ಯಾಂಗ ಹೋಗಬೇಕು?" ಎಂದರು. ಬಂದ ದಿನವೇ ಎದುರು ಮಾತು ಬೇಡ ಎಂದು ನಾನು ಬುಟ್ಟಿಯನ್ನು ಎತ್ತಿ ಒಳಗಿಟ್ಟೆ.

ಊರ ಹಳ್ಳ ವರ್ಷದ ಬಹುಪಾಲು ಬರೀ ಉಸುಕು. ಮಳೆಗಾಲದಲ್ಲಿ ಮಾತ್ರ ಹರಿಯುತ್ತಿತ್ತು. ಮೊದಲ ಮಳೆಗಾಲದಲ್ಲಿ ನಾನು ಕೋಳಿಯ ಕರುಳನ್ನು ಬಟ್ಟೆಯ ತುಂಡಿನಲ್ಲಿ ಕಟ್ಟಿ ಬುಟ್ಟಿಯೊಳಗಿಟ್ಟು, ಒಂದು ಕಲ್ಲು ಹಾಕಿ, ಬಂಡೆಯ ಸಂದಿಯಲ್ಲಿ ಮುಳುಗಿಸಿ ಬಂದೆ. ಬೆಳಗ್ಗೆ ಎತ್ತಿದರೆ ಒಳಗೆ ಏಡಿಗಳು ಸರಬರ ಓಡಾಡುತ್ತಿದ್ದವು. ಅಂದು ಮನೆಯಲ್ಲಿ ಏಡಿಯ ಸಾರು. ಅತ್ತೆ ಮೊದಲು ಮೂಗು ಮುರಿದರು, ಆಮೇಲೆ ಗಡಿಗೆಯ ತಳ ಕೆರೆದರು. ಅಲ್ಲಿಂದ ಮುಂದೆ ಸಂಜೆಯಾದರೆ, "ಬುಟ್ಟಿ ಇಟ್ಟು ಬಂದ್ಯಾ?" ಎಂದು ಅವರೇ ಕೇಳತೊಡಗಿದರು.

ಹೊಳೆಯಲ್ಲಿ ನಾವು ಬುಟ್ಟಿಯ ಹಗ್ಗವನ್ನು ಸಡಿಲ ಬಿಟ್ಟು ಕಟ್ಟುತ್ತೇವೆ. ನೀರು ಏರಿದಂತೆ ಬುಟ್ಟಿ ಆಡಲಿ ಎಂದು. ಹೊಳೆ ದೊಡ್ಡ ಮನುಷ್ಯರ ಹಾಗೆ, ಸಾವಕಾಶ ಏರುತ್ತದೆ. ಮೊದಲು ನೀರಿನ ಬಣ್ಣ ಕೆಡುತ್ತದೆ, ನೊರೆ ಬರುತ್ತದೆ, ಅಷ್ಟರಲ್ಲಿ ಬುಟ್ಟಿ ಎತ್ತಿಕೊಳ್ಳಬಹುದು. ನಾನು ಹಳ್ಳದಲ್ಲೂ ಹಾಗೆಯೇ ಕಟ್ಟಿದೆ. "ಬಿಗಿ ಕಟ್ಟಬೇ, ಈ ಹಳ್ಳಕ್ಕ ನಂಬಿಕಿಲ್ಲ," ಎಂದು ಅತ್ತೆ ಹೇಳಿದ್ದರು. ಕೋಳಿ ಬುಟ್ಟಿಗೂ ಏಡಿ ಬುಟ್ಟಿಗೂ ವ್ಯತ್ಯಾಸ ಗೊತ್ತಿಲ್ಲದವರು ನನಗೆ ನೀರಿನ ಬುದ್ಧಿ ಹೇಳುವುದೇ ಎಂದುಕೊಂಡೆ. ಎರಡನೆಯ ವರ್ಷ, ಕಾರಹುಣ್ಣಿಮೆ ಕಳೆದ ಮೇಲೆ ಒಂದು ಮಧ್ಯಾಹ್ನ, ನಮ್ಮಲ್ಲಿ ಚುರುಚುರು ಬಿಸಿಲು. ಮೇಲೆ ಎಲ್ಲೋ ಮಳೆ ಬಿದ್ದಿರಬೇಕು. ಗುಡುಗುಡು ಸದ್ದು ಕೇಳಿ ನಾನು ಹೊಲದಿಂದ ಓಡಿ ಬರುವಷ್ಟರಲ್ಲಿ ಕೆಂಪು ನೀರು ಎರಡೂ ದಂಡೆ ತುಂಬಿ ಹೋಗುತ್ತಿತ್ತು. ಬುಟ್ಟಿ ಕಟ್ಟಿದ್ದ ಗೂಟವೂ ಕಾಣಲಿಲ್ಲ.

ನೀರಿಳಿದ ಮೇಲೆ ನಾನು ಹಳ್ಳದ ದಂಡೆ ಹಿಡಿದು ಕೆಳಗೆ ನಡೆದೆ. ಏಡಿ ಬುಟ್ಟಿ ಇಡುವ ನಮ್ಮವರಲ್ಲಿ ಒಂದು ಪದ್ಧತಿಯಿದೆ. ತೇಲಿ ಬಂದ ಬುಟ್ಟಿ ಸಿಕ್ಕರೆ ಅದನ್ನು ಮನೆಗೆ ಒಯ್ಯಬಾರದು. ದಂಡೆಯ ಮೇಲಿನ ಗಿಡಕ್ಕೆ, ದೂರಕ್ಕೆ ಕಾಣುವ ಹಾಗೆ, ತೂಗುಹಾಕಬೇಕು. ಹುಡುಕುತ್ತ ಬಂದವರು ಬಿಚ್ಚಿಕೊಂಡು ಹೋಗುತ್ತಾರೆ. ಒಳಗೆ ಏಡಿ ಇದ್ದರೆ ಅದು ಮಾತ್ರ ಸಿಕ್ಕವರದು. ಅದು ಅವರ ಕೂಲಿ. ಹೀಗಾಗಿ ನಾನು ನೆಲ ನೋಡದೆ ಜಾಲಿ ಗಿಡಗಳನ್ನೇ ನೋಡುತ್ತ ನಡೆದು, ಕಾಲಿಗೆ ಮುಳ್ಳು ಚುಚ್ಚಿಸಿಕೊಂಡೆ. ಒಂದು ಕಡೆ ಉಸುಕಿನಲ್ಲಿ ಅರ್ಧ ಹೂತ ಬುಟ್ಟಿಯೊಂದು ಕಂಡು ಓಡಿಹೋದೆ. ಎಳೆದರೆ ಅದು ತೊಗರಿ ಕಟ್ಟಿಗೆಯದು, ಯಾರೋ ಒರಟಾಗಿ ಹೆಣೆದದ್ದು. ಅದರಲ್ಲೊಂದು ಏಡಿ ಇನ್ನೂ ಜೀವಂತವಿತ್ತು. ಏಡಿಯನ್ನು ಸೆರಗಿಗೆ ಕಟ್ಟಿಕೊಂಡು ಬುಟ್ಟಿಯನ್ನು ಜಾಲಿಗೆ ತೂಗುಹಾಕಿದೆ. ನನ್ನ ಬುಟ್ಟಿ ಸಿಗಲಿಲ್ಲ. ಆ ವಾರವೆಲ್ಲ ಬಿಡುವಾದಾಗ ಹೋಗಿ ಹುಡುಕಿದೆ. "ಒಂದು ಬುಟ್ಟಿಗಿ ಇಷ್ಟ್ಯಾಕ? ಮಳಿಗಾಲ ಮುಗದ ಮ್ಯಾಲ ನಿಮ್ಮಪ್ಪ ಇನ್ನೊಂದು ಕೊಡ್ತಾನ," ಎಂದರು ಅತ್ತೆ. ಅದೂ ನಿಜವೇ ಎಂದು ಬಿಟ್ಟೆ.

ಶ್ರಾವಣದಲ್ಲಿ ಅಪ್ಪ ತೀರಿಕೊಂಡ. ಜ್ವರ ಬಂದಿತ್ತಂತೆ. ಹೊಳೆ ತುಂಬಿ ದೋಣಿ ನಿಂತಿತ್ತು, ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ಮಣ್ಣು ಆಗಿ ಹೋಗಿತ್ತು. ಹೋಗಿ ನೋಡಿದರೆ ಅಂಗಳದ ಮೂಲೆ ಖಾಲಿ. ಅಪ್ಪ ಬುಟ್ಟಿಗಳನ್ನು ಒಂದರ ಮೇಲೊಂದು ಒಟ್ಟುತ್ತಿದ್ದ ಜಾಗ ಅದು. ಹಿಡಿಯುವವ ಸತ್ತರೆ ಅವನ ಬುಟ್ಟಿಗಳನ್ನೆಲ್ಲ ಹೊಳೆಗೆ ಬಿಡುವುದು ನಮ್ಮ ಮನೆಯ ರೂಢಿ. ಅವನ ಕೈ ಹೊಳೆಗೆ ಹೋಗಲಿ ಎಂದು. ಚಿಕ್ಕಂದಿನಲ್ಲಿ ಅಜ್ಜನ ಬುಟ್ಟಿಗಳು ಸಾಲಾಗಿ ತೇಲಿ ಹೋಗಿದ್ದನ್ನು ನಾನೇ ಚಪ್ಪಾಳೆ ತಟ್ಟಿ ನೋಡಿದ್ದೆ. ಈಗ ಅದೇ ರೂಢಿಯ ಮೇಲೆ ನನಗೆ ಮೈ ಉರಿಯಿತು. "ನನಗೊಂದಾರ ಇಡಬಾರದಿತ್ತಾ?" ಎಂದು ಅವ್ವನೊಡನೆ ಜಗಳ ಮಾಡಿದೆ. "ನಿನಗ ಕೊಟ್ಟದ್ದು ನಿನ್ನ ಹಂತೇಕ ಅದ ಅಲ್ಲೇನು?" ಎಂದಳು ಅವ್ವ. ಅದು ಕಳೆದಿದೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅಪ್ಪನ ಕೈಯ ಕೆಲಸ ಈ ಲೋಕದಲ್ಲಿ ಉಳಿದಿದ್ದರೆ ಹಳ್ಳ ಒಯ್ದ ಆ ಒಂದು ಬುಟ್ಟಿ ಮಾತ್ರ ಉಳಿದಿತ್ತು. ತಿರುಗಿ ಬಂದ ಮೇಲೆ ಮತ್ತೆ ದಂಡೆ ಹಿಡಿದೆ. ಗಿಡಗಳಲ್ಲಿ ಹಕ್ಕಿಗೂಡು ಬಿಟ್ಟರೆ ಬೇರೇನೂ ತೂಗುತ್ತಿರಲಿಲ್ಲ.

ಮಹಾನವಮಿ ಅಮಾವಾಸ್ಯೆಗೆ ಅತ್ತೆ ಗುಡ್ಡಾಪುರದ ದಾನಮ್ಮನ ಗುಡಿಗೆ ನಡೆದು ಹೊರಟರು. ನನ್ನನ್ನೂ ಕರೆದುಕೊಂಡರು. ದಾರಿಯಲ್ಲಿ ಒಂದು ಬಾವಿ, ಪಕ್ಕದಲ್ಲಿ ಬೇವಿನ ಮರ. ನಡೆದು ಬಂದವರೆಲ್ಲ ಅಲ್ಲಿ ಕೂತು ಬುತ್ತಿ ಬಿಚ್ಚುತ್ತಾರೆ. ನಾವೂ ಕೂತೆವು. ಎದುರಿಗೆ ಒಬ್ಬ ಮುದುಕಿ, ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ. ಆಕೆಯ ಮಗ್ಗುಲಲ್ಲಿ ಹೂವಿನ ಬುಟ್ಟಿ. ನಾನು ರೊಟ್ಟಿ ಮುರಿಯುತ್ತ ಸುಮ್ಮನೆ ಅತ್ತ ನೋಡಿದೆ. ಹೆಣಿಗೆ ಎಡಕ್ಕೆ ತಿರುಗಿತ್ತು.

ರೊಟ್ಟಿ ಕೈಯಲ್ಲೇ ಉಳಿಯಿತು. ಎದ್ದು ಹೋಗಿ, "ಆಯೀ, ಈ ಬುಟ್ಟಿ ನಿಮಗ ಎಲ್ಲಿ ಸಿಕ್ತರಿ?" ಎಂದೆ.

"ಹಳ್ಳದ ದಂಡಿಗಿ ಸಿಕ್ಕಿತು, ತಂಗಿ. ಕುಣಿಕೋಣೂರ ಕಡೆ ನಮ್ಮ ಹೊಲದಾಗಿನ ವಸ್ತಿ ಕೆಳಗ ತೇಲಿ ಬಂದು ಬೇರಿಗಿ ತೊಡಕಿತ್ತು," ಎಂದಳು ಮುದುಕಿ. ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಹೆಮ್ಮೆಯಿಂದ ತೋರಿಸಿದಳು. "ಎಂಥಾ ಕೆಲಸ ನೋಡು. ಈ ಕಡ್ಡಿ ಒಳಗ ಬಾಗಿಸ್ಯಾನಲ್ಲ, ಗಾಳಿ ಬಿಟ್ಟರ ಹೂ ಹಾರೂದಿಲ್ಲ. ಆಡು ಬಾಯಿ ಹಾಕಿದರ ಸಿಗೂದಿಲ್ಲ. ಹೂವಿನ ಬುಟ್ಟಿ ಹಿಂಗ ಹೆಣದಂವ ಭಾಳ ಶಾಣ್ಯಾ ಇರಬೇಕು. ಬಾಯಿ ಅಷ್ಟು ಸಣ್ಣದಾತು. ನನ್ನ ಕೈ ಹೋಗ್ತದ, ನಮ್ಮ ಸೊಸಿ ಕೈ ಹೋಗೂದಿಲ್ಲ."

ಅವರ ಮನೆಯಲ್ಲಿ ಯಾರೂ ಏಡಿ ಬುಟ್ಟಿಯನ್ನು ಕಂಡವರಲ್ಲ. ಹೂವು ಬಿಟ್ಟು ಬೇರೆ ಏನು ತಾನೇ ಅವರಿಗೆ ಹೊಳೆಯಬೇಕು? ಅಷ್ಟರಲ್ಲಿ ಅತ್ತೆ ಹಿಂದಿನಿಂದ ಬಂದು ನನ್ನ ಮೊಣಕೈ ಚಿವುಟಿದರು. "ನಮ್ಮದು ಅಂತಷ್ಟೇ ಕೇಳು. ಏಡಿ ಮಾತು ತೆಗಿಬ್ಯಾಡ," ಎಂದು ಕಿವಿಯಲ್ಲಿ ಹೇಳಿದರು.

"ಇದು ನಮ್ಮಪ್ಪ ಹೆಣದದ್ದರಿ. ಹಳ್ಳದಾಗ ಹೋಗಿತ್ತು," ಎಂದೆ.

"ಹೌದಾ! ಹಂಗಾದ್ರ ನಿಂದೇ, ಒಯ್ಯವ್ವಾ," ಎಂದಳು ಮುದುಕಿ, ಮರುಮಾತಿಲ್ಲದೆ. "ನಿಮ್ಮಪ್ಪ ಗುಡಿಗಿ ಹೂ ಒಯ್ಯಾವರಿಗಿ ಹೆಣಕೊಡ್ತಾನೇನು?"

ಹೌದು ಎಂದಿದ್ದರೆ ಮುಗಿದುಹೋಗುತ್ತಿತ್ತು. ಬುಟ್ಟಿ ನನ್ನ ಕೈಗೆ, ಮುದುಕಿಯ ಮನಸ್ಸಿಗೂ ನೆಮ್ಮದಿ. ಆದರೆ ನನ್ನಪ್ಪ ಹೂವಿನ ಬುಟ್ಟಿ ಹೆಣೆದವನಲ್ಲ. ಬೇರೆ ಹೆಸರು ಹೇಳಿ ಅವನ ಬುಟ್ಟಿಯನ್ನು ಮನೆಗೆ ಒಯ್ಯುವುದು ನನ್ನಿಂದಾಗಲಿಲ್ಲ.

"ಇದು ಏಡಿ ಹಿಡಿಯೂ ಬುಟ್ಟಿರಿ," ಎಂದುಬಿಟ್ಟೆ. "ನಮ್ಮಲ್ಲಿ ಇಂಥಾದ್ದು ಸಿಕ್ಕರ ಗಿಡಕ್ಕ ತೂಗ ಹಾಕ್ತಾರ. ಮನಿಗಿ ಒಯ್ಯೂದಿಲ್ಲ."

ಬಾವಿಯ ಸುತ್ತ ಕೂತವರು ತಿರುಗಿ ನೋಡಿದರು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮುದುಕಿ ಬುಟ್ಟಿಯನ್ನು ತೊಡೆಯಿಂದ ಕೆಳಗಿಟ್ಟಳು. ಎದ್ದು ಬಾವಿಯ ಬಳಿ ಹೋಗಿ ನೀರು ಸೇದಿ ಕೈಕಾಲು ತೊಳೆದಳು, ಲಿಂಗವನ್ನು ಕಣ್ಣಿಗೊತ್ತಿಕೊಂಡಳು. ತಿರುಗಿ ಬಂದಾಗ ಮುಖ ಕೆಂಪಾಗಿತ್ತು.

"ಹೇಳಬಾರದಿತ್ತು ನೀ," ಎಂದಳು. "ನನಗೂ ತಿಳೀತಿದ್ದಿಲ್ಲ, ದೇವರಿಗೂ ತಿಳೀತಿದ್ದಿಲ್ಲ. ಗಿಡಕ್ಕ ತೂಗ ಹಾಕಬೇಕಂತ ನನಗೇನು ಕನಸು ಬೀಳಬೇಕಿತ್ತಾ? ನಮ್ಮ ಮನಿತನದಾಗ ಯಾರು ಏಡಿ ಹಿಡದಾರ? ಕರಕೊಂಡು ಬಾ ನಿಮ್ಮಪ್ಪನ್ನ. ಏಡಿ ಹಿಡಿಲಾಕ ಇಷ್ಟು ಚಂದ ಯಾಕ ಹೆಣದೀ ಅಂತ ಅಂವನ್ನೇ ಕೇಳ್ತೀನಿ."

"ಇಲ್ರಿ ಅಂವ," ಎಂದೆ. "ಶ್ರಾವಣದಾಗ ತೀರಕೊಂಡ."

ಮುದುಕಿ ಬುಟ್ಟಿಯ ಕಡೆ ತಿರುಗಿದಳು. ಆಮೇಲೆ ಮೆಲ್ಲಗೆ ಕೂತು, "ಶ್ರಾವಣ ಪೂರ್ತಿ ನಾ ದಿನಾ ಇದರಾಗೇ ಹೂ ಒಯ್ದು ದೇವರಿಗಿ ಏರಿಸೀನಿ," ಎಂದಳು.

ಜ್ವರದಲ್ಲಿ ಮಲಗಿದ ಅಪ್ಪನಿಗೆ ನಾನು ಒಂದು ಗುಟುಕು ನೀರು ಕೊಟ್ಟಿರಲಿಲ್ಲ, ಒಂದು ಹಿಡಿ ಮಣ್ಣೂ ಹಾಕಿರಲಿಲ್ಲ. ತವರಿನಲ್ಲಿ ಜಗಳ ಮಾಡುವ ಭರದಲ್ಲಿ ಅಳುವುದೂ ಆಗಿರಲಿಲ್ಲ. ಅಂದು ಆ ಬಾವಿಯ ಬಳಿ, ಅಷ್ಟೂ ಜನರೆದುರು, ನಾನು ಗೊಳೋ ಎಂದು ಅತ್ತುಬಿಟ್ಟೆ. ಮುದುಕಿ ನನ್ನನ್ನು ಮುಟ್ಟಲಿಲ್ಲ. ಬುಟ್ಟಿಯೊಳಗೆ ಕೈ ಹಾಕಿ ಕಣಗಿಲೆ, ಚೆಂಡು ಹೂಗಳನ್ನು ಒಂದೊಂದೇ ತೆಗೆದು ತನ್ನ ಉಡಿಯಲ್ಲಿ ಹಾಕಿಕೊಂಡಳು. ಕಡ್ಡಿ ಮುರಿಯದ ಹಾಗೆ ಬಹಳ ಜೋಕೆಯಿಂದ ತೆಗೆದಳು. "ಇವತ್ತಿನ ಹೂ ಅಂವನ ಹೆಸರಲೆ ಏರಿಸ್ತೀನಿ," ಎಂದು ಖಾಲಿ ಬುಟ್ಟಿಯನ್ನು ನನ್ನ ಕಡೆ ಸರಿಸಿದಳು.

ಬುಟ್ಟಿಯನ್ನು ಗೋಡೆಗೆ ತೂಗುಹಾಕು ಎಂದರು ನನ್ನ ಗಂಡ. ಗೋಡೆಗೆ ತೂಗುಹಾಕಲು ಅಪ್ಪ ಅದನ್ನು ಹೆಣೆದಿರಲಿಲ್ಲ. ಮುಂದಿನ ಮಳೆಗಾಲ ಮತ್ತೆ ಹಳ್ಳಕ್ಕೆ ಇಳಿಸಿದೆ. ಈ ಸಲ ಅತ್ತೆಯ ಮಾತು ಕೇಳಿ ಪುಂಡಿ ನಾರಿನ ಹೊಸ ಹಗ್ಗದಿಂದ ಬಿಗಿಯಾಗಿ ಕಟ್ಟಿದೆ. ಆಷಾಢದ ಒಂದು ದಿನ ಹಳ್ಳ ಬಂದು ಹಗ್ಗವನ್ನೇ ಹರಿದು ಬುಟ್ಟಿಯನ್ನು ಒಯ್ಯಿತು. ನೀರಿಳಿದದ್ದೇ ತಡ, ನಾನು ಮುಖ ತೊಳೆಯದೆ ದಂಡೆ ಹಿಡಿದು ಓಡಿದೆ.

ಕುಣಿಕೋಣೂರಿನ ಕಡೆ, ಮುದುಕಿಯ ವಸ್ತಿಯ ಕೆಳಗೆ, ಜಾಲಿ ಗಿಡದಲ್ಲಿ ಬುಟ್ಟಿ ತೂಗುತ್ತಿತ್ತು. ಎತ್ತರದಲ್ಲೇನಿರಲಿಲ್ಲ, ಗಿಡ್ಡ ಮುದುಕಿಯ ಕೈಗೆ ನಿಲುಕುವಷ್ಟು. ಹರಿದ ಹಗ್ಗ ಸಾಲದೆ ಸೀರೆಯ ಅಂಚು ಹರಿದು ಗಂಟು ಹಾಕಿದ್ದಳು. ಸುತ್ತ ಯಾರೂ ಇರಲಿಲ್ಲ. ಬಿಚ್ಚಲು ಕೈ ಹಾಕಿದೆ. ಒಳಗೆ ಏನೋ ಸರಬರ ಎಂದಿತು. ಬಾಯಿಗೆ ಕಣ್ಣಿಟ್ಟು ನೋಡಿದರೆ ಒಂದು ದೊಡ್ಡ ಏಡಿ. ಪದ್ಧತಿಯಂತೆ ಅದು ಸಿಕ್ಕವರದು. ಆಕೆ ಅದನ್ನು ನನಗೆ ಬಿಟ್ಟಿದ್ದಳು.