ಹಗೇದ ಓಣಿಯಲ್ಲಿ ಹಳದಿಗಾಗಿ ಕಾದಿರುವ ಫಕೀರಬಿ

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಹಗೇದ ಓಣಿಯ ನಳದ ಮುಂದೆ ಫಕೀರಬಿ ಕುಕ್ಕರಗಾಲಲ್ಲಿ ಕೂತಿದ್ದಾರೆ. ಮಗ್ಗುಲಲ್ಲಿ ಪುಟ್ಟ ಕಟ್ಟಿಗೆಯ ಪೆಟ್ಟಿಗೆ; ಅದರಲ್ಲಿ ಗಾಜಿನ ಕೊಳವೆ, ಔಷಧದ ಸೀಸೆ. ಕೊಳವೆಯಲ್ಲಿ ನೀರು ಹಿಡಿದು ಔಷಧದ ಹನಿ ಬಿಟ್ಟರೆ ಹಳದಿ ಬಣ್ಣ ಬರಬೇಕು. ಬಂದರೆ, ಟ್ಯಾಂಕಿನಲ್ಲಿ ಹಾಕಿದ ಬ್ಲೀಚಿಂಗ್ ಪುಡಿಯ ಸತ್ವ ಇಲ್ಲಿಯ ತನಕ ಮುಟ್ಟಿದೆ, ಕುಡಿಯಬಹುದು. ಬಾರದಿದ್ದರೆ, ದಾರಿಯಲ್ಲೆಲ್ಲೋ ಹೊಲಸು ಸೇರಿ ಆ ಸತ್ವವನ್ನು ತಿಂದುಹಾಕಿದೆ.

ಇವತ್ತು ಅವರು ಬರುವಷ್ಟರಲ್ಲೇ ನಳದ ಎದುರು ಮನೆಯ ಅನ್ನಪೂರ್ಣವ್ವ ಬೆಳಗಿದ ತಾಮ್ರದ ಕೊಡ ತುಂಬಿಸಿ ಇಟ್ಟಿದ್ದಾರೆ.

“ನಳದ ಮುಂದ ಯಾಕ ಕುಂತಿ ಫಕೀರವ್ವ? ಈಗರ ಹಿಡದೀನಿ, ಇದ್ರಾಗಿಂದ ತಗೊ.”

ಕೊಡದ ನೀರು ಕೊಳವೆಗೆ ಹಿಡಿದು ಹನಿ ಬಿಟ್ಟದ್ದೇ ತಡ, ಅದು ಹಳದಿಯನ್ನೂ ದಾಟಿ ಕೇಸರಿಗೆ ತಿರುಗುತ್ತದೆ. ಸುತ್ತ ನಿಂತ ಹೆಂಗಸರ ಮುಖ ಅರಳುತ್ತದೆ. ಫಕೀರಬಿಯ ಹುಬ್ಬು ಮಾತ್ರ ಗಂಟಿಕ್ಕುತ್ತದೆ.

“ಟ್ಯಾಂಕಿನ ಬುಡದಾಗೂ ಇಷ್ಟ ಬಣ್ಣ ಬರಂಗಿಲ್ಲ ನಮ್ಮವ್ವ. ಯಾರ ಹಾಕೀರಿ ಪುಡಿ?”

“ಒಂದ ಚಿಟಿಕಿ,” ಎನ್ನುತ್ತಾರೆ ಅನ್ನಪೂರ್ಣವ್ವ, ನೆಲ ನೋಡುತ್ತ.

“ಚಿಟಿಕಿ ಅಂತ! ಮದಿಮಗಳಿಗೆ ಅರಿಶಿಣ ಬಡದಂಗ ಬಡದೀಯಲ್ಲ!”

“ಮತ್ತ ಏನ ಮಾಡೂಣು? ನೀ ಬಣ್ಣ ಇಲ್ಲ ಅಂತ ಬರೀತಿ, ಅವರು ಬಂದು ನಳಕ್ಕ ಬೀಗ ಜಡೀತಾರ. ಕೊಡ ಹೊತ್ತು ನಡಾ ಮುರಿಯೋದು ನಿಂದಲ್ಲ, ನಮ್ದು.”

ಈ ಮಾತಿನಲ್ಲಿ ಸುಳ್ಳಿಲ್ಲ. ಹೋದ ತಿಂಗಳು ಇದೇ ನಳದ ನೀರು ಬಣ್ಣ ತಿರುಗದಿದ್ದಾಗ ಪಂಚಾಯ್ತಿ ಕಚೇರಿ ಮಾಡಿದ ಇಲಾಜು ಒಂದೇ: ನಳಕ್ಕೆ ಸರಪಳಿ, ಸರಪಳಿಗೆ ಬೀಗ. ನೀರು ಕೆಟ್ಟರೆ ನೀರನ್ನೇ ಕೊಡದಿರುವುದು! ಹೆಂಗಸರು ಊರಾಚೆಯ ಬಾವಿಗೆ ಕೊಡ ಹೊತ್ತು ಸುಸ್ತಾದ ಮೇಲೆ, ಏನನ್ನೂ ರಿಪೇರಿ ಮಾಡದೆಯೇ ಬೀಗ ತೆಗೆದರು. ಹೋದ ಬೇಸಿಗೆಯಲ್ಲಿ ವಾಂತಿಭೇದಿ ಎದ್ದಾಗ ಬಾವಿಗೆ ಹಾಕಲು ಹಂಚಿದ್ದ ಪುಡಿ ಅನ್ನಪೂರ್ಣವ್ವನ ಗೋಡೆಯ ಮಾಡದಲ್ಲಿ ಉಳಿದಿತ್ತು. ಇವತ್ತು ಅದು ಕೊಡಕ್ಕೆ ಬಿದ್ದಿದೆ. ಹೀಗಾದರೆ ಓಣಿಯವರು ಪರೀಕ್ಷೆ ಪಾಸಾಗುತ್ತಾರೆ, ನಳದ ಅದೇ ಹೊಲಸು ನೀರು ಕುಡಿಯುತ್ತಾರೆ.

ರೋಗದ ಬೇರು ಎಲ್ಲಿದೆ ಎಂಬುದು ಇಲ್ಲಿನ ಎಲ್ಲರಿಗೂ ಗೊತ್ತು. ಹಿಂದೆ ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಹಗೇವುಗಳಿಂದಲೇ ಓಣಿಗೆ ಈ ಹೆಸರು. ಅವು ಕುಸಿದು ಕುಣಿಗಳಾಗಿವೆ, ಕುಣಿಗಳಲ್ಲಿ ಗಟಾರದ ನೀರು ನಿಂತಿದೆ. ಪೈಪು ಹಾಕಿದವರು ಸುತ್ತಿ ಹೋಗುವ ತ್ರಾಸಿಗೆ ಬೇಸತ್ತು ಅಂಥದೊಂದು ಹಗೇವಿನ ನಡುವೆಯೇ ಎಳೆದುಬಿಟ್ಟರು. ನಳದ ನೀರು ನಿಂತಾಗಲೆಲ್ಲ ಒಡಕು ಪೈಪು ಆ ಹೊಲಸನ್ನು ಎಳೆಗರು ಮೊಲೆ ಚೀಪುವಂತೆ ಚೀಪಿಕೊಳ್ಳುತ್ತದೆ.

ಗದಗಿಗೂ ಮುಂಡರಗಿಗೂ ನಡುವಿನ ಊರು ಇದು. ಹೆಸರು ಬರೆಯುವುದು ಬೇಡವೆಂದು ಫಕೀರಬಿಯೇ ತಡೆದಿದ್ದಾರೆ. “ನನ್ನ ಹೆಸರ ಹಾಕ್ರಿ, ನಂಗೇನ ಅಂಜಿಕಿ? ಊರಿನ ಹೆಸರ ಬ್ಯಾಡ. ಇಂಥಾ ನೀರಿನ ಊರಿಗೆ ನಾಳೆ ಹೆಣ್ಣ ಯಾರ ಕೊಡ್ತಾರ?”

ಇವರ ಗಂಡ ಲಾಡಸಾಬ ಊರಿಗೆಲ್ಲ ನೀರು ಬಿಡುತ್ತಿದ್ದವರು. ಅವರು ತೀರಿಕೊಂಡ ಮೇಲೆ ಫಕೀರಬಿಯನ್ನು ದಿನಗೂಲಿಗೆ ತೆಗೆದುಕೊಂಡರು. ಹನಿ ಎಣಿಸುತ್ತ ಕೂರುವುದು ಗಂಡಸರ ಕೆಲಸವಲ್ಲವೆಂದು ಉಳಿದವರು ನಕ್ಕು ತಳ್ಳಿದ ಪೆಟ್ಟಿಗೆ ಇವರ ಕೈಗೆ ಬಂತು. ಮಳೆ ಇರಲಿ, ರೋಜಾ ಉಪವಾಸ ಇರಲಿ, ನೀರು ಬಿಡುವ ಹೊತ್ತಿಗೆ ಓಣಿ ಓಣಿ ಸುತ್ತುತ್ತಾರೆ. ಇಷ್ಟು ವರ್ಷವಾದರೂ ಕಾಯಂ ಆಗಿಲ್ಲ. ಟ್ಯಾಂಕಿನ ಬುಡದ ನಳದಲ್ಲೇ ನೀರು ಹಿಡಿ, ದಿನಾ ಹಳದಿ ಬರುತ್ತದೆ ಎಂದು ಮೇಲಿನವರು ಬುದ್ಧಿ ಹೇಳಿದ್ದೂ ಉಂಟು.

“ಟ್ಯಾಂಕಿನ ಬುಡದಾಗ ಯಾರ ಮನಿ ಐತ್ರಿ?” ಎಂದು ಕೇಳುತ್ತಾರೆ ಫಕೀರಬಿ. “ಅಲ್ಲಿ ನೀರು ಕುಡಿಯೋವು ಕಾಗಿ ಅಷ್ಟ.”

ಅವರು ಈಗ ತಾಮ್ರದ ಕೊಡವನ್ನು ಗಟಾರಕ್ಕೆ ಬೋರಲು ಹಾಕುತ್ತಾರೆ. ಕೊಳವೆ ತೊಳೆದು ನೇರ ನಳಕ್ಕೇ ಹಿಡಿಯುತ್ತಾರೆ. ಹನಿ ಬೀಳುತ್ತದೆ. ಎಲ್ಲರೂ ಬಗ್ಗಿ ನೋಡುತ್ತಾರೆ. ನೀರು ಇದ್ದ ಹಾಗೇ ಇದೆ.

“ಬರಿ, ಬರಿ! ನಮ್ಮ ಬಾಯಾಗ ಮಣ್ಣ ಹಾಕು,” ಎಂದು ಅನ್ನಪೂರ್ಣವ್ವ ಸೆರಗು ಕೊಡವುತ್ತಾರೆ.

“ಬರೀತೀನಿ. ಹೋದ ಬ್ಯಾಸಗಿ ನಿನ್ನ ಮೊಮ್ಮಗಳು ಕಣ್ಣ ಮ್ಯಾಲ ಮಾಡಿದ್ದು ಮರತೇನು? ರಾತ್ರಿಯೆಲ್ಲಾ ತೊಡಿ ಮ್ಯಾಲ ಹಾಕ್ಕೊಂಡ ಕುಂತಾಕಿ ನಾನs.” ದನಿ ತಗ್ಗುತ್ತದೆ. “ಬೀಗ ತಂದ್ರ ಹಾಕಗೊಡಬ್ಯಾಡ್ರಿ. ಹಗೇದ ಮ್ಯಾಲ ಹೋಗಿ ನಿಂದರ್ರಿ. ಪೈಪ ಎತ್ತಿ ಹಾಕ್ರಿ ಅನ್ರಿ.”

ಮಧ್ಯಾಹ್ನ ಕಚೇರಿಯ ಮೈಲಾರಪ್ಪ ಸರಪಳಿ ಹಿಡಿದು ಬಂದಾಗ ಓಣಿಯ ಹೆಂಗಸರೆಲ್ಲ ಆ ಕುಣಿಯ ದಂಡೆಯ ಮೇಲೆ ನಿಂತಿದ್ದಾರೆ. ಅನ್ನಪೂರ್ಣವ್ವ ಮೈಲಾರಪ್ಪನವರ ಕೈಗೆ ಗುದ್ದಲಿ ಕೊಡುತ್ತಾರೆ.

“ಅಗಿಯೋ ತಮ್ಮಾ.”

“ನಾ ಬೀಗ ಹಾಕಾಂವ ಬೇ. ಅಗಿಯೋದು ನನ್ನ ಕೆಲಸಲ್ಲ.”

“ಹಂಗಾರ ಅಗಿಯಾವರನ್ನ ಕರಕೊಂಡ ಬಾ. ಬೀಗ ನಿಮ್ಮ ಸಾಹೇಬರ ಬಾಯಿಗೆ ಹಾಕು.”

ಮೈಲಾರಪ್ಪ ಸರಪಳಿ ಸುತ್ತಿಕೊಂಡು ಬಂದ ದಾರಿ ಹಿಡಿಯುತ್ತಾರೆ.

ಇದಾಗಿ ವಾರ ಕಳೆದಿದೆ. ಬೀಗ ಬಿದ್ದಿಲ್ಲ, ಪೈಪೂ ಎದ್ದಿಲ್ಲ. ಓಣಿಯವರನ್ನು ಎತ್ತಿ ಕಟ್ಟಿದ್ದಕ್ಕೆ ಕೆಲಸದಿಂದ ಯಾಕೆ ತೆಗೆಯಬಾರದು ಎಂದು ಕಚೇರಿಯವರು ಫಕೀರಬಿಯನ್ನು ಕೇಳಿದ್ದಾರೆ. ಹೊಲಸು ನೀರು ಕುಡಿಸಿದವರನ್ನು ಯಾರೂ ಏನೂ ಕೇಳಿಲ್ಲ. ಅದೇ ವಾರ ಊರಿನ ದೊಡ್ಡ ಮನೆಯೊಂದಕ್ಕೆ ಟೀವಿ ಬಂತು. ಅದರ ಆಂಟೆನಾದ ಕಂಬ ನೆಡಲು ಕಚೇರಿಯ ಆಳುಗಳೇ ಓಡಿಬಂದು ಒಂದೇ ದಿನದಲ್ಲಿ ಅಗಿದು ಮುಗಿಸಿದರು. ಅಗಿಯುವವರು ಊರಲ್ಲಿ ಇಲ್ಲವೆಂದು ಹೇಳುವವರು ಯಾರು?

ಓಣಿಯ ಒಲೆಗಳ ಮೇಲೆ ಈಗ ನೀರು ಕುದಿಯುತ್ತಿದೆ. ಫಕೀರಬಿ ಬೆಳಗಾದರೆ ಪೆಟ್ಟಿಗೆ ಹಿಡಿದು ಬರುತ್ತಾರೆ. ಅನ್ನಪೂರ್ಣವ್ವ ಕೊಡ ತುಂಬಿಸಿಡುವುದಿಲ್ಲ, ಚಹಾ ತಂದಿಡುತ್ತಾರೆ.

“ಕಾದ ನೀರಿಂದs ಐತಿ, ಕುಡಿ,” ಎನ್ನುತ್ತಾರೆ.

ಕೆಲಸ ಹೋದರೆ ಹೇಗೆ ಎಂದರೆ ಫಕೀರಬಿ ಕೊಳವೆ ಒರೆಸುತ್ತ ನಗುತ್ತಾರೆ. “ಹೋದರ ಹೋಗಲಿ. ಅದಕ್ಕೂ ಮೊದಲ ಈ ಓಣ್ಯಾಗ ಒಮ್ಮೆ ಹಳದಿ ನೋಡಬೇಕ್ರಿ. ಯಾರೂ ಹಾಕಿದ್ದಲ್ಲ. ನಳದಾಗ ತಾನs ಬಂದ ಹಳದಿ.”