ಕುಲ್ಲಾರಿ ಟ್ರ್ಯಾಕಿಗೆ ನೀರುಣಿಸುವಾಕೆ

ಗೋಧಿ ಕಣಜಗಳ ಹಿಂದೆ ಬೆಳಕು ಮೂಡುವ ಮೊದಲೇ ನೀರಿನ ಲಾರಿ ಹೊರಟಾಗಿದೆ. ಮೊದಲ ಗೇರಿನಲ್ಲಿ ಗೊಣಗುತ್ತ, ಕುರಿ ಹಿಂಡಿನ ಹಿಂದೆ ನಡೆಯುವವರ ವೇಗದಲ್ಲಿ, ಕಾರು ಓಟದ ಮಣ್ಣಿನ ಟ್ರ್ಯಾಕಿನ ಒಳಅಂಚು ಹಿಡಿದು ಒಂದು ಸುತ್ತು. ಆಮೇಲೆ ಲಾರಿಯಷ್ಟಗಲ ಹೊರಕ್ಕೆ ಸರಿದು ಇನ್ನೊಂದು ಸುತ್ತು. ಹಿಂಬದಿಯ ತೂತುಕೊಳವೆಯಿಂದ ನೀರು ಬೀಸಣಿಗೆಯಂತೆ ಬಿಚ್ಚಿಕೊಂಡು ಕೆಂಪು ಜೇಡಿಮಣ್ಣಿನ ಮೇಲೆ ಬೀಳುತ್ತದೆ. ಗುಲಾಬಿ ಎದೆಯ ಗಿಳಿಗಳ ಹಿಂಡೊಂದು ಹಿಂದೆಯೇ ಇಳಿದು, ಕೊಕ್ಕು ಅದ್ದಿ, ಬೋರ್‌ವೆಲ್ಲಿನ ಉಪ್ಪು ನಾಲಿಗೆಗೆ ತಾಗುತ್ತಲೇ ಬೈಯುತ್ತ ಹಾರಿಹೋಗುತ್ತದೆ.

"ಪ್ರತಿ ಸಲ ಇದೇ ಕತೆ. ಕಲಿಯೋದೇ ಇಲ್ಲ ಇವು" ಎನ್ನುತ್ತಾರೆ ಸ್ಟಿಯರಿಂಗ್ ಹಿಡಿದ ಏವಿಸ್ ನೋಸ್ಕೆ.

ವಯಸ್ಸು ಅರವತ್ತೆಂಟು. ವಾರದ ಐದು ದಿನ ಶಾಲೆಯ ಬಸ್ಸು ಓಡಿಸುತ್ತಾರೆ. ಓಟವಿರುವ ಶನಿವಾರಗಳಲ್ಲಿ ಕುಲ್ಲಾರಿ ಸ್ಪೀಡ್‌ವೇಯ ನೆಲ ಅವರ ಕೈಯಲ್ಲಿರುತ್ತದೆ. ಕಾರು ಓಡಿಸುವವರ ಹೆಸರು ಊರಿನ ಮಕ್ಕಳಿಗೆಲ್ಲ ಬಾಯಿಪಾಠ. ನೆಲ ಹದ ಮಾಡುವವರ ಹೆಸರನ್ನು ಧ್ವನಿವರ್ಧಕದಲ್ಲಿ ಹೇಳುವ ರೂಢಿಯೇ ಇಲ್ಲ. ಧ್ವನಿವರ್ಧಕ ಹಿಡಿಯುವವರು ಏವಿಸ್ ಅವರ ಗಂಡ ರೆಕ್ಸ್, ಆದರೂ ಇಲ್ಲ.

"ಹೆಂಡ್ತಿ ಹೆಸರು ಹೇಳಿದ್ರೆ ಜನ ನಗ್ತಾರೆ" ಎಂಬುದು ರೆಕ್ಸ್ ಸಮಜಾಯಿಷಿ.

"ಹೇಳ್ದೆ ಇದ್ರೂ ನಗ್ತಾರೆ, ನಿನ್ ಟೋಪಿ ನೋಡಿ" ಎಂದು ಏವಿಸ್ ಲಾರಿಯಿಂದ ಇಳಿಯುತ್ತಾರೆ.

ಇಳಿದವರು ಮೊದಲು ಮಾಡುವುದು ಬೂಟಿನ ಹಿಮ್ಮಡಿಯಿಂದ ನೆಲ ಒತ್ತುವುದು. ಆಮೇಲೆ ಒಂದು ಹಿಡಿ ಜೇಡಿ ಕಿತ್ತು, ಮುಷ್ಟಿಯಲ್ಲಿ ಹಿಸುಕಿ, ಉಂಡೆ ಮಾಡಿ ನೋಡುತ್ತಾರೆ. ಉಂಡೆ ಬಿರಿದರೆ ನೀರು ಸಾಲದು. ಬೆರಳಿಗೆ ಮೆತ್ತಿಕೊಂಡರೆ ಹೆಚ್ಚಾಯಿತು. ನೀರು ಕಡಿಮೆಯಾದರೆ ಮೊದಲ ಓಟದಲ್ಲೇ ಧೂಳೆದ್ದು, ಮುಂದಿನ ಕಾರು ಹಿಂದಿನವನಿಗೆ ಕಾಣುವುದಿಲ್ಲ. ಹೆಚ್ಚಾದರೆ ಕಾರುಗಳು ಎಮ್ಮೆಗಳ ಹಾಗೆ ಹೂತು ನಿಲ್ಲುತ್ತವೆ. ಇವೆರಡರ ನಡುವೆ ಒಂದು ಹದವಿದೆ. ಅದು ಸಿಕ್ಕ ದಿನ ನೆಲ ಕಪ್ಪಗೆ ಮಿರುಗುತ್ತದೆ, ಟೈರು ಕಚ್ಚಿ ಹಿಡಿಯುತ್ತದೆ, ಕಾರು ತಿರುವಿನಲ್ಲಿ ಅಡ್ಡಡ್ಡ ಜಾರುತ್ತಲೇ ಮುಂದೆ ಚಿಮ್ಮುತ್ತದೆ.

ಈ ಕೆಲಸಕ್ಕೆ ಅವರು ಬಂದದ್ದು ಒಂದೇ ಒಂದು ಶನಿವಾರದ ಮಟ್ಟಿಗೆ. ಆಗ ರೆಕ್ಸ್ ಕಾರು ಓಡಿಸುತ್ತಿದ್ದರು. ನೀರು ಹಾಕುವ ಮುದುಕರು ಮೊಣಕಾಲು ನೋವೆಂದು ಬರಲಿಲ್ಲ. ಏವಿಸ್ ಲಾರಿ ಹತ್ತಿದರು. ಮುದುಕರು ಆಮೇಲೂ ಬರಲಿಲ್ಲ. ಮೂವತ್ತು ವರ್ಷ ದಾಟಿತು.

"ಕಾರು ಓಡ್ಸೋನೊಬ್ಬ ಅಂದ, ಇದು ಹೂದೋಟಕ್ಕೆ ನೀರು ಹಾಕೋ ಕೆಲ್ಸ ಅಲ್ಲಮ್ಮ ಅಂತ. ಅವತ್ತು ಸಂಜೆ ಎರಡನೇ ತಿರುವಿನಲ್ಲಿ ಪಲ್ಟಿ ಹೊಡ್ದ. ನನ್ ನೀರಿನ ತಪ್ಪಲ್ಲ ಅದು, ಅವನ ಕಾಲಿನ ತಪ್ಪು. ಆದ್ರೂ ಆಮೇಲಿಂದ ನಮಸ್ಕಾರ ಹೊಡ್ಯೋಕೆ ಶುರು ಮಾಡ್ದ."

ಆ ಕಾಲಕ್ಕೆ ಬೇಲಿಯ ಸುತ್ತ ನೋಡಲು ಬಂದವರ ಕಾರುಗಳದೇ ಎರಡು ಸಾಲು. ಮೂತಿ ಬೇಲಿಗೆ ತಾಗಿಸಿ ನಿಲ್ಲಿಸಿ, ಒಳಗೇ ಕುಳಿತು, ಚಳಿಯಾದರೆ ಕಂಬಳಿ ಹೊದ್ದು, ರೊಟ್ಟಿಯಲ್ಲಿ ಸುತ್ತಿದ ಸಾಸೇಜು ತಿನ್ನುತ್ತ ಓಟ ನೋಡುವುದು. ತಮ್ಮವನು ಗೆದ್ದರೆ ದೀಪ ಮಿನುಗಿಸಿ ಹಾರನ್ ಒತ್ತುವುದು. ಯಾವ ಜಾಗ ಯಾವ ಮನೆಯದೆಂದು ಎಲ್ಲೂ ಬರೆದಿಲ್ಲ, ಆದರೆ ಎಲ್ಲರಿಗೂ ಗೊತ್ತು. ಅಜ್ಜ ನಿಲ್ಲಿಸಿದಲ್ಲೇ ಮೊಮ್ಮಗಳೂ ನಿಲ್ಲಿಸುತ್ತಾಳೆ. ಯಾರಾದರೂ ತೀರಿಕೊಂಡರೆ ಓಟದ ಒಂದು ಋತು ಆ ಜಾಗ ಖಾಲಿ ಬಿಡುತ್ತಾರೆ. ಊರು ಬಿಟ್ಟು ಹೋದವರ ಜಾಗವನ್ನೂ ಯಾರೂ ಮುಟ್ಟುವುದಿಲ್ಲ. ಹೀಗೆ ಬಿಟ್ಟು ಬಿಟ್ಟು, ಈಗ ಉಳಿದಿರುವುದು ಒಂದು ಸಾಲು, ಅದೂ ಹಲ್ಲುದುರಿದ ಬಾಯಿಯಂತೆ.

ಕಾರಣಗಳು ದೊಡ್ಡ ರಹಸ್ಯವೇನಲ್ಲ. ನಾಲ್ಕು ಹೊಲ ಸೇರಿ ಒಂದಾದರೆ ಮೂರು ಮನೆ ಖಾಲಿಯಾಗುತ್ತವೆ. ಗ್ಯಾರೇಜಿನಲ್ಲಿ ಹಳೆ ಕಾರು ಬಿಚ್ಚಿ ಕಟ್ಟುವ ಹುಡುಗರಿಗೆ ದೂರದ ಗಣಿಯಲ್ಲಿ ಕೆಲಸ ಸಿಗುತ್ತದೆ. ವಿಮೆ ಏರುತ್ತದೆ. ಪಕ್ಕದೂರಿನ ಟ್ರ್ಯಾಕಿನ ಮೇಲೆ ಈಗ ಸೌರ ಫಲಕಗಳು. ಅದರಾಚೆಯ ಟ್ರ್ಯಾಕಿನಲ್ಲಿ ಕುರಿ ಮೇಯುತ್ತವೆ, ಓಟದ ನಿಯಮ ಪಾಲಿಸಿದ ಹಾಗೆ ಎಡಕ್ಕೇ ತಿರುಗುತ್ತ ಸುತ್ತುತ್ತವೆ ಎಂದು ರೆಕ್ಸ್ ತಮಾಷೆ ಮಾಡುತ್ತಾರೆ. ಸುತ್ತಲಿನ ನೂರು ಮೈಲಿಯಲ್ಲಿ ಉಳಿದಿರುವುದು ಕುಲ್ಲಾರಿ ಒಂದೇ.

ಅದೂ ಉಳಿಯುತ್ತದೆಯೇ ಎಂಬುದು ಈ ಶನಿವಾರದ ಮಾತು. ಎರಡು ಋತು ಒಂದೂ ಓಟ ನಡೆಯದ ಟ್ರ್ಯಾಕಿಗೆ ಪರವಾನಗಿ ತಪ್ಪುತ್ತದೆ. ಮತ್ತೆ ಬೇಕೆಂದರೆ ಹೊಸ ನಿಯಮದ ಕಾಂಕ್ರೀಟ್ ಗೋಡೆ ಕಟ್ಟಬೇಕು, ಅದು ಈ ಊರಿಂದ ಆಗುವ ಮಾತಲ್ಲ. ಹೋದ ಋತುವಿನ ಓಟಗಳನ್ನು ಕಾಳ್ಗಿಚ್ಚಿನ ಎಚ್ಚರಿಕೆ ನುಂಗಿತು. ಈ ಋತುವಿಗೆ ಇದ್ದ ಎರಡರಲ್ಲಿ ಮೊದಲನೆಯದು ಗುಡುಗು ಮಳೆಗೆ ಹೋಯಿತು. ಇವತ್ತಿನದು ಕೊನೆಯದು.

ಹಾಗಾಗಿ ಏವಿಸ್ ಬೆಳಗಿನ ಜಾವ ರೇಡಿಯೊ ಕೇಳಿಯೇ ಹೊರಟಿದ್ದಾರೆ. ಉತ್ತರದ ಮರುಭೂಮಿಯ ಬಿಸಿಗಾಳಿ, ನಲವತ್ತು ಡಿಗ್ರಿ ಎಂದಿದೆ ರೇಡಿಯೊ. ಅಂಥ ಗಾಳಿಗೆ ಮಧ್ಯಾಹ್ನದೊಳಗೆ ಜೇಡಿ ಬಿಸ್ಕತ್ತಾಗುತ್ತದೆ. ಎಂದಿನ ಐದು ಟ್ಯಾಂಕಿನ ಮೇಲೆ ಇನ್ನೂ ಮೂರು ಸುರಿಯುತ್ತಾರೆ. ನೆಲ ಆಳದವರೆಗೆ ಕುಡಿಯಲಿ ಎಂದು ನೆಲ ಕೆರೆಯುವ ಗ್ರೇಡರ್ ಯಂತ್ರದಿಂದ ಮಣ್ಣು ಸಡಿಲಿಸಿ ಸುರಿಯುತ್ತಾರೆ.

ಮಧ್ಯಾಹ್ನಕ್ಕೆ ಗಾಳಿ ನಿಲ್ಲುತ್ತದೆ. ಸ್ವಲ್ಪ ಹೊತ್ತು ಒಂದು ಎಲೆಯೂ ಅಲುಗುವುದಿಲ್ಲ. ಆಮೇಲೆ ದಕ್ಷಿಣದಿಂದ, ಸಮುದ್ರದ ಕಡೆಯಿಂದ, ತಣ್ಣನೆಯ ಗಾಳಿ ಬಂದು ಆಕಾಶಕ್ಕೆ ಬೂದು ಮೋಡದ ಹೊದಿಕೆ ಎಳೆಯುತ್ತದೆ. ಬಿಸಿಲೇ ಇಲ್ಲ. ಟ್ರ್ಯಾಕು ಕುಡಿದ ನೀರನ್ನು ಹೊಟ್ಟೆಯಲ್ಲಿಟ್ಟುಕೊಂಡು ಸುಮ್ಮನೆ ಮಲಗಿದೆ.

ನಾಲ್ಕರ ಹೊತ್ತಿಗೆ ಬೇಲಿಯ ಬಳಿ ಕಾರುಗಳು ಬಂದು ನಿಂತಿವೆ. ಓಟದ ಕಾರುಗಳು ಹದಿನಾರು. ರಾಜಧಾನಿಯಿಂದ ಬಂದ ಓಟದ ಮೇಲ್ವಿಚಾರಕ ಗ್ರಾಂಟ್ ಸೆಫ್ಟನ್ ಟ್ರ್ಯಾಕಿನ ಮೇಲೆ ನಡೆದು ನೋಡುತ್ತಾರೆ. ಮೂರನೇ ತಿರುವಿನಲ್ಲಿ ಅವರ ಬೂಟು ಕಣಕಾಲಿನವರೆಗೆ ಇಳಿಯುತ್ತದೆ. ಕಾಲು ಮೇಲೆ ಬರುತ್ತದೆ, ಬೂಟು ಬರುವುದಿಲ್ಲ. ಕ್ಲಬ್ಬಿನ ಅಧ್ಯಕ್ಷ ಕ್ಲೆಮ್ ಹಾರ್ಟಿಗ್ ಬಾಗಿ ಎರಡು ಕೈಯಲ್ಲಿ ಬೂಟು ಕಿತ್ತು ಕೊಡುತ್ತಾರೆ.

"ಇದರ ಮೇಲೆ ಕಾರು ಬಿಡೋಕಾಗಲ್ಲ" ಎನ್ನುತ್ತಾರೆ ಗ್ರಾಂಟ್. ದನಿಯಲ್ಲಿ ದರ್ಪವಿಲ್ಲ. "ಆಂಬುಲೆನ್ಸಿನವರು ಒಂಬತ್ತಕ್ಕೆ ಹೊರಡ್ತಾರೆ, ಅವರಿಲ್ದೆ ಓಟ ಇಲ್ಲ. ಕತ್ತಲಾಗೋದ್ರೊಳಗೆ ಮೊದಲ್ನೇ ಓಟ ಬಿಡ್ಬೇಕು, ಇಲ್ಲಾಂದ್ರೆ ಇವತ್ತಿಂದು ರದ್ದು. ನಿಯಮ ನಾನು ಬರ್ದಿದ್ದಲ್ಲ ಏವಿಸ್."

"ಗೊತ್ತು. ನೀರು ಹಾಕಿದ್ದೂ ನೀನಲ್ಲ."

ಕ್ಲೆಮ್ ರೋಲರ್ ತರಿಸೋಣವೇ ಎನ್ನುತ್ತಾರೆ. ಏವಿಸ್ ಬೇಡವೆಂದು ತಲೆಯಾಡಿಸುತ್ತಾರೆ. ಹಸಿ ಜೇಡಿ ರೋಲರಿಗೇ ಅಂಟಿ ಚಾಪೆಯಂತೆ ಎದ್ದು ಬರುತ್ತದೆ. ನೆಲ ನಾದಬೇಕು, ನಾದಲು ಟೈರು ಬೇಕು, ಲೆಕ್ಕವಿಲ್ಲದಷ್ಟು ಟೈರು. ಓಟದ ಕಾರುಗಳು ಕೆಸರಿನಲ್ಲಿ ಮೆಲ್ಲಗೆ ಹೋದರೆ ಎಂಜಿನ್ ಕಾದು ಸಾಯುತ್ತವೆ. ಅವರು ಬೇಲಿಯ ಬಳಿ ನಿಂತ ಕಾರುಗಳ ಕಡೆ ನೋಡುತ್ತಾರೆ. ಆಮೇಲೆ ನೇರ ಮೇಲಿನ ಧ್ವನಿವರ್ಧಕದ ಕೋಣೆಗೆ ಹೋಗಿ ರೆಕ್ಸ್ ಕೈಯಿಂದ ಮೈಕು ತೆಗೆದುಕೊಳ್ಳುತ್ತಾರೆ. ಇಷ್ಟು ವರ್ಷದಲ್ಲಿ ಅವರು ಮೈಕು ಮುಟ್ಟಿದ್ದು ಇದೇ ಮೊದಲು.

"ನಾನು ಏವಿಸ್. ನೀರು ಹಾಕೋಳು. ಇವತ್ತು ಜಾಸ್ತಿ ಹಾಕ್ದೆ. ರೇಡಿಯೊ ನಂಬಿದ್ದು ನನ್ ತಪ್ಪು. ನಿಮ್ ಕಾರು ಬೇಕು ನಂಗೆ. ಎಲ್ರೂ ಟ್ರ್ಯಾಕಿಗಿಳಿದು, ಒಬ್ರ ಹಿಂದೆ ಒಬ್ರು, ಮೆಲ್ಲಗೆ ಸುತ್ತು ಹೊಡೀಬೇಕು. ಕೊಳೆ ಆಗುತ್ತೆ, ತುಂಬಾ. ಅಷ್ಟೇ."

ಯಾರೂ ಅಲುಗಾಡುವುದಿಲ್ಲ. ಕೊಳೆಗೆ ಹೆದರಿ ಅಲ್ಲ, ಈ ಜನ ಹುಟ್ಟಿದ್ದೇ ಧೂಳಿನಲ್ಲಿ. ಓಟದ ದಿನ ಬೇಲಿ ಬಿಟ್ಟು ಜಾಗ ಖಾಲಿ ಮಾಡುವುದೆಂದರೆ ಇಲ್ಲಿ ಯಾರೂ ಮಾಡಿದ ಕೆಲಸವಲ್ಲ. ಶೌಚಕ್ಕೆ ಹೋಗುವಾಗಲೂ ಒಬ್ಬರು ಕಾರಿನಲ್ಲಿ ಕೂತಿರುತ್ತಾರೆ. ಏವಿಸ್ ಮೈಕು ಹಿಡಿದೇ ನಿಂತಿದ್ದಾರೆ, ಅವರ ಉಸಿರು ಧ್ವನಿವರ್ಧಕದಲ್ಲಿ ಕೇಳಿಸುತ್ತಿದೆ.

ಎರಡನೇ ತಿರುವಿನಲ್ಲಿ ಒಂದು ಹಳೆಯ ಕೆನೆಬಣ್ಣದ ಹೋಲ್ಡನ್ ಕೆಮ್ಮುತ್ತದೆ. ಅದು ಎನಿಡ್ ಟ್ರೆಗೆಂಜಾ ಅವರ ಕಾರು. ಎನಿಡ್‌ಗೆ ಎಂಬತ್ತನಾಲ್ಕು. ಗಂಡ ಆರಿಸಿದ ಜಾಗವೆಂದು, ಯಾರೂ ಕಸಿಯದಿದ್ದರೂ, ಪ್ರತಿ ಓಟಕ್ಕೆ ಎಲ್ಲರಿಗಿಂತ ಮೊದಲು ಬಂದು ಕೂರುವವರು. ಹೋಲ್ಡನ್ ಹಿಂದಕ್ಕೆ ಸರಿದು, ಮೆಲ್ಲನೆ ತಿರುಗಿ, ಗೇಟಿನತ್ತ ಬರುತ್ತದೆ. ಗೇಟಿನಲ್ಲಿ ಕ್ಲೆಮ್ ಕಿಟಕಿಗೆ ಬಾಗುತ್ತಾರೆ.

"ಎನಿಡ್, ನೀನು ಬೇಡ ಕಣಮ್ಮ. ಹೂತು ಹೋದ್ರೆ?"

"ಹೂತ್ರೆ ನೀನು ತಳ್ತೀಯ. ನಿಮ್ಮಪ್ಪನೂ ಇದೇ ಕಾರು ತಳ್ಳಿದ್ದ. ಸರಿಯಯ್ಯಾ ಆಚೆ."

ಅಷ್ಟು ಸಾಕಾಗುತ್ತದೆ. ಒಂದರ ಹಿಂದೊಂದು ಎಂಜಿನ್ನುಗಳು ಎದ್ದುಕೊಳ್ಳುತ್ತವೆ. ಹೊಲದ ಪಿಕಪ್ಪುಗಳು, ಬ್ರೆಡ್ಡಿನ ವ್ಯಾನು, ಮಕ್ಕಳು ತುಂಬಿದ ದೊಡ್ಡ ಕಾರುಗಳು, ಹಿಂದೆ ನಾಯಿ ಕಟ್ಟಿದ ಒಂದು ಟ್ರಕ್ಕು, ತೊಳೆದು ಒರೆಸಿ ತಂದ ಪಾದ್ರಿಯ ಬಿಳಿ ಕಾರು. ಗ್ರಾಂಟ್ ಬಾವುಟ ಹಿಡಿದು ಟ್ರ್ಯಾಕಿನ ಬಾಯಲ್ಲಿ ನಿಂತು, ಬೆಲ್ಟು ಹಾಕಿದ್ದೀರಾ ಎಂದು ಒಬ್ಬೊಬ್ಬರನ್ನೂ ಕೇಳಿ ಬಿಡುತ್ತಾರೆ. ಏವಿಸ್ ತಮ್ಮ ಲಾರಿಯನ್ನೇ ಎಲ್ಲರ ಮುಂದೆ ತಂದು ದಾರಿ ತೋರುತ್ತಾರೆ. ಒಳಅಂಚಿನಲ್ಲಿ ಒಂದು ಸುತ್ತು, ಟೈರಿನಷ್ಟಗಲ ಹೊರಕ್ಕೆ ಇನ್ನೊಂದು ಸುತ್ತು.

ಮೊದಮೊದಲು ಬರೀ ರಾಡಿ. ಕೆಸರು ಕಿಟಕಿಯೆತ್ತರಕ್ಕೆ ಹಾರುತ್ತದೆ. ಮೈಕಿನಲ್ಲಿ ರೆಕ್ಸ್‌ಗೆ ಹಬ್ಬ.

"ಮುಂದೆ ಎನಿಡ್ ಟ್ರೆಗೆಂಜಾ. ಹಿಂದೆ ಪಾದ್ರಿಗಳು, ಹಿಂದಿಕ್ಕೋಕೆ ನೋಡ್ತಿದ್ದಾರೆ, ನಾಚಿಕೆ ಆಗ್ಬೇಕು ಪಾದ್ರಿಗಳೇ. ಬ್ರೆಡ್ ವ್ಯಾನು ಅಡ್ಡಡ್ಡ ಹೋಗ್ತಿದೆ, ನಾಳೆ ಬ್ರೆಡ್ಡೂ ಸೊಟ್ಟ ಬರುತ್ತೆ, ಯಾರೂ ಬೇಜಾರು ಮಾಡ್ಕೋಬೇಡಿ."

ಸುತ್ತು ಎಷ್ಟಾಯಿತೆಂದು ಯಾರೂ ಎಣಿಸುವುದಿಲ್ಲ. ಮೋಡದ ಅಂಚಿನಲ್ಲಿ ಸೂರ್ಯ ಇಳಿಯುತ್ತಿದ್ದಂತೆ ಟೈರಿನ ಸದ್ದು ಬದಲಾಗುತ್ತದೆ. ಪಚಪಚ ಎನ್ನುತ್ತಿದ್ದುದು ಮೊದಲು ಗಟ್ಟಿಯಾಗಿ, ಆಮೇಲೆ ಅಂಟುಪಟ್ಟಿ ಎಳೆದಂತೆ ಚರ್ರೆನ್ನುತ್ತದೆ. ಏವಿಸ್ ಲಾರಿ ನಿಲ್ಲಿಸಿ ಇಳಿಯುತ್ತಾರೆ. ಹಿಮ್ಮಡಿ ಒತ್ತುತ್ತಾರೆ. ಹಿಡಿ ಮಣ್ಣು ಕೀಳಲು ಹೋದರೆ ಉಗುರು ಬಾಗುತ್ತದೆ, ಮಣ್ಣು ಬರುವುದಿಲ್ಲ. ಸಂಜೆಯ ಬೆಳಕಿನಲ್ಲಿ ಇಡೀ ಟ್ರ್ಯಾಕು ಕಪ್ಪಗೆ ಮಿರುಗುತ್ತಿದೆ.

ಗ್ರಾಂಟ್ ಮತ್ತೊಮ್ಮೆ ಇಡೀ ಸುತ್ತು ನಡೆದು, ಮೂರನೇ ತಿರುವಿನಲ್ಲಿ ನಿಂತು ಎರಡು ಸಲ ಕುಪ್ಪಳಿಸುತ್ತಾರೆ. ಬೂಟು ಕಾಲಲ್ಲೇ ಇದೆ.

"ಬಿಡಿ ಕಾರು" ಎನ್ನುತ್ತಾರೆ.

ಕತ್ತಲಿಗೆ ಕಾಲು ಗಂಟೆಯೂ ಉಳಿದಿಲ್ಲ. ಅವರವರ ಜಾಗ ಹುಡುಕಿಕೊಂಡು ಹೋಗಲು ಪುರಸೊತ್ತಿಲ್ಲ. ಗಾಜಿನ ಮೇಲೆಲ್ಲ ಕೆಸರು, ಒರೆಸುಕಡ್ಡಿ ಆಡಿಸಿದರೆ ಇನ್ನಷ್ಟು ಹರಡುತ್ತದೆ. ಕ್ಲೆಮ್ ಟಾರ್ಚು ಬೀಸುತ್ತ, "ಸಿಕ್ಕಲ್ಲಿ ನಿಲ್ಸಿ, ಒತ್ತಿ ನಿಲ್ಸಿ" ಎಂದು ಕೂಗುತ್ತಾರೆ. ಕಾರುಗಳು ಬೇಲಿಗೆ ಬಂದು, ಪಕ್ಕಕ್ಕೆ ಪಕ್ಕ ತಾಗುವಂತೆ ನಿಲ್ಲುತ್ತವೆ. ವರ್ಷಗಳಿಂದ ಖಾಲಿ ಬಿದ್ದ ಜಾಗಗಳಲ್ಲೂ ಯಾರೋ ಮೂತಿ ತೂರಿಸಿದ್ದಾರೆ. ತಿರುವುಗಳ ನಡುವಿನ ಮುಖ್ಯ ನೇರ ದಾರಿಯ ಉದ್ದಕ್ಕೂ ಒಂದೇ ಒಂದು ಸಂದಿಯಿಲ್ಲದ ಸಾಲು.

ಹಸಿರು ಬಾವುಟ ಬೀಳುತ್ತದೆ. ಹದಿನಾರು ಕಾರುಗಳು ಒಟ್ಟಿಗೆ ಮೊದಲ ತಿರುವಿಗೆ ನುಗ್ಗಿ, ಅಡ್ಡ ತಿರುಗಿ, ಜೇಡಿಯ ಕಾರಂಜಿ ಎಬ್ಬಿಸುತ್ತ ಆಚೆ ಬರುತ್ತವೆ. ಧೂಳಿಲ್ಲ. ಹೂತು ನಿಂತದ್ದೊಂದೂ ಇಲ್ಲ. ಈ ನೆಲದ ಮೇಲೆ ಅಷ್ಟು ವೇಗ ಬಹಳ ವರ್ಷಗಳಿಂದ ಯಾರೂ ಕಂಡಿಲ್ಲ ಎಂದು ರೆಕ್ಸ್ ಕೂಗುತ್ತಾರೆ. ಕೊನೆಯ ಸುತ್ತು ಮುಗಿದಾಗ ಬೇಲಿಯ ಸುತ್ತ ದೀಪಗಳು ಮಿನುಗುತ್ತವೆ, ಕೆಸರು ಮೆತ್ತಿ ಕೆಂಪಾದ ದೀಪಗಳು. ಯಾರ ಕಾರು ಗೆದ್ದಿತೆಂದು ನೋಡದೆ ಎಲ್ಲರೂ ಹಾರನ್ ಒತ್ತುತ್ತಿದ್ದಾರೆ. ಆ ಗದ್ದಲದಲ್ಲಿ ರೆಕ್ಸ್ ಒಂದು ಹೆಸರು ಹೇಳುತ್ತಾರೆ, ಗೆದ್ದವನದಲ್ಲ. "ನೆಲ ಹದ ಮಾಡಿದ್ದು ಏವಿಸ್ ನೋಸ್ಕೆ." ಯಾರೂ ನಗುವುದಿಲ್ಲ. ಹಾರನ್ ಇನ್ನೂ ಜೋರಾಗುತ್ತದೆ.

ಎನಿಡ್ ಅವರ ಹೋಲ್ಡನ್ ಈಗ ಮೂರನೇ ತಿರುವಿನಲ್ಲಿ, ಬ್ರೆಡ್ ವ್ಯಾನಿಗೆ ಆತುಕೊಂಡು ನಿಂತಿದೆ.

"ಇಲ್ಲಿಂದ ಎಷ್ಟು ಚೆನ್ನಾಗಿ ಕಾಣುತ್ತಲ್ಲ" ಎನ್ನುತ್ತಾರೆ ಅವರು, ಥರ್ಮಾಸಿನ ಚಹಾ ಬಗ್ಗಿಸುತ್ತ. "ನನ್ ಗಂಡ ಐವತ್ತು ವರ್ಷ ತಪ್ಪು ತಿರುವಿನಲ್ಲಿ ಕೂರ್ಸಿದ್ದ."

ಸೋಮವಾರ ಬೆಳಿಗ್ಗೆ ಕುಲ್ಲಾರಿಯ ಮುಖ್ಯ ಬೀದಿಯಲ್ಲಿ ತೊಳೆದ ಕಾರು ಒಂದೂ ಇಲ್ಲ. ಬೇಕರಿಯ ಮುಂದೆ, ಅಂಚೆ ಕಚೇರಿಯ ಮುಂದೆ, ಎಲ್ಲ ಕಾರುಗಳ ಮಗ್ಗುಲಲ್ಲೂ ಒಣಗಿದ ಕೆಂಪು ಜೇಡಿ. ಪಾದ್ರಿಯ ಕಾರು ಯಾವ ಬಣ್ಣದ್ದೆಂದು ಹೊಸಬರಿಗೆ ಗೊತ್ತಾಗಲಾರದು. ಪರವಾನಗಿ ಉಳಿದಿದೆ. ಮುಂದಿನ ಋತುವಿಗೆ ಕಾರು ಕಟ್ಟುತ್ತೇವೆಂದು ಮೂರು ಮನೆಯವರು ಆಗಲೇ ಕ್ಲೆಮ್‌ಗೆ ಹೇಳಿದ್ದಾರೆ.

ಏವಿಸ್ ಶಾಲೆಯ ಬಸ್ಸಿನಿಂದ ಇಳಿದು ಬೀದಿಯ ಉದ್ದಕ್ಕೂ ಒಮ್ಮೆ ನೋಡುತ್ತಾರೆ. ಮುಂದೇನು ಆಸೆ ಎಂದು ಈ ವರದಿಗಾಗಿ ಕೇಳಿದರೆ, ಹತ್ತಿರದ ಪಿಕಪ್ಪಿನ ಬಾಗಿಲಿನಿಂದ ಒಂದು ಹಕ್ಕಳೆ ಜೇಡಿ ಎಬ್ಬಿಸಿ, ಅಂಗೈಯಲ್ಲಿ ತೂಗಿ ನೋಡುತ್ತಾರೆ.

"ಎಲ್ರೂ ಕಾರು ತೊಳ್ಯೋದಾದ್ರೆ ಟ್ರ್ಯಾಕಿಗೆ ಬಂದೇ ತೊಳೀರಿ ಅಂತ ಬರೀರಿ. ಈ ಮಣ್ಣು ನಂದು. ಮುಂದಿನ ವರ್ಷ ಓಟ ಇದೆ."